ಇಲಿಯ ಕಣ್ಣು, ಜನರ ಹಣ

ಇರುಳುಗುರುಡು ಎಂದೊಡನೆ ನಮಗೆ ನೆನಪಾಗುವುದು ಬಡತನ. ಸೊಪ್ಪು, ಹಾಲು, ಹಣ್ಣು ಸಾಲದ ಮಕ್ಕಳಲ್ಲಿ ‘ಎ’ ಜೀವಸತ್ವದ ಕೊರತೆಯುಂಟಾಗಿ ದೃಷ್ಟಿ ಕುಂದುತ್ತದೆ ಎಂಬುದನ್ನು ಶಾಲೆಯಲ್ಲಿಯೇ ಓದಿದ್ದೇವೆ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮವನ್ನು ಭಾರತ ಸರ್ಕಾರ 1970ರಲ್ಲಿಯೇ ಆರಂಭಿಸಿತು. ಆದರೆ ಜೀವಸತ್ವ ಸಾಕಷ್ಟಿದ್ದೂ ಕಣ್ಣು ಕಾಣದ ಸ್ಥಿತಿಯೊಂದಿದೆ. ಅದರ ಮರ್ಮವನ್ನು ತಿಳಿಸಿಕೊಟ್ಟದ್ದು ಪ್ರಯೋಗಾಲಯದ ಇಲಿ.

ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವುದು ‘ಎ’ ಜೀವಸತ್ವದಿಂದ ಉತ್ಪನ್ನವಾದ ಬಾಗಿದ ಅಣು. ಬೆಳಕು ತಾಗಿದೊಡನೆ ಅದು ನೆಟ್ಟಗಾಗುತ್ತದೆ. ಈ ಕ್ರಿಯೆಯನ್ನು ಅರಿತ ಜಾರ್ಜ್ ವಾಲ್ಡ್ ಅವರು 1967ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನೆಟ್ಟಗಾದ ಅಣು ಮತ್ತೆ ಬಾಗಿದರಷ್ಟೇ ಮುಂದಿನ ನೋಟ ಸಾಧ್ಯ. ಆ ಕೆಲಸ ನಡೆಯುವುದು ಅಕ್ಷಿಪಟಲದ ಹಿಂಬದಿಯ ಕೋಶಗಳ ಪದರದಲ್ಲಿ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ಮೈಕೆಲ್ ರೆಡ್ಮಂಡ್ ಮತ್ತು ಸಂಗಡಿಗರು ‘ಆರ್‌ಪಿಇ-65’ ಎಂಬ ವಂಶವಾಹಿಯಿಲ್ಲದ ಇಲಿಗಳ ಕಣ್ಣನ್ನು ಪರೀಕ್ಷಿಸಿದರು. ಹಿಂಬದಿಯ ಪದರದಲ್ಲಿ ‘ಎ’ ಜೀವಸತ್ವ ಕೊಬ್ಬಿನ ಹನಿಗಳಾಗಿ ತುಂಬಿಕೊಂಡಿತ್ತು. ಅಕ್ಷಿಪಟಲಕ್ಕೆ ಬೇಕಾದ ಬಾಗಿದ ಅಣು ಮಾತ್ರ ಇರಲಿಲ್ಲ. ಗೋದಾಮು ತುಂಬಿದ್ದರೂ ನ್ಯಾಯಬೆಲೆ ಅಂಗಡಿಗೆ ಧಾನ್ಯ ತಲುಪದ ಸ್ಥಿತಿ ಅದು.

ಇದೇ ವಂಶವಾಹಿಯ ದೋಷದಿಂದ ಹುಟ್ಟಿನಿಂದಲೇ ದೃಷ್ಟಿ ಮಂದವಾಗಿರುವ ಮಕ್ಕಳಿದ್ದಾರೆ. ಇಲಿಯಿಂದ ದೊರೆತ ತಿಳಿವಳಿಕೆ ಅವರಿಗೆ ದಾರಿಯಾಯಿತು. 2001ರಲ್ಲಿ ಇದೇ ದೋಷವಿದ್ದ ನಾಯಿಗಳಿಗೆ ಸರಿಯಾದ ವಂಶವಾಹಿಯನ್ನು ಕಣ್ಣಿಗೇ ಸೇರಿಸಿ ದೃಷ್ಟಿ ಬರಿಸಲಾಯಿತು. 2007ರಲ್ಲಿ ಮನುಷ್ಯರ ಮೇಲಿನ ಪ್ರಯೋಗ ಶುರುವಾಯಿತು. 2017ರ ಡಿಸೆಂಬರಿನಲ್ಲಿ ‘ಲಕ್ಸ್‌ಟರ್ನಾ’ ಎಂಬ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ‘ಇಲಿಯ ಕಣ್ಣಿನ ಸಂಶೋಧನೆಯಿಂದ ಜನರಿಗೇನು ಲಾಭ?’ ಎಂದು 1998ರಲ್ಲಿ ಯಾವುದಾದರೂ ಹಣಕಾಸು ಸಮಿತಿ ಕಡತದಲ್ಲಿ ಷರಾ ಬರೆದು ಅನುದಾನ ತಡೆದಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ. ಕಡತಗಳ ನಡುವೆಯೇ ವೃತ್ತಿಜೀವನ ಕಳೆದ ನಾನು ಇದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಚಿಕಿತ್ಸೆಗೆ 2018ರಲ್ಲಿ ನಿಗದಿಯಾದ ಬೆಲೆ ಎರಡು ಕಣ್ಣಿಗೆ 8.5 ಲಕ್ಷ ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು ಐದೂವರೆ ಕೋಟಿ ರೂಪಾಯಿ. ಅದನ್ನು ತಯಾರಿಸಿದ ಸ್ಪಾರ್ಕ್ ಕಂಪನಿಯನ್ನು 2019ರಲ್ಲಿ ರೋಶ್ ಕಂಪನಿ ನಾಲ್ಕು ಶತಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟು ಕೊಂಡಿತು. ಕಂಪನಿಗಳ ವಾದವನ್ನು ಅಲ್ಲಗಳೆಯಲಾಗದು: ಅಮೆರಿಕದಲ್ಲಿಯೇ ಇಂಥ ರೋಗಿಗಳು ಒಂದೆರಡು ಸಾವಿರ ಮಾತ್ರ, ಬಂಡವಾಳ ದೊಡ್ಡದು, ನಷ್ಟದ ಭಯವೂ ಉಂಟು. ಆದರೆ ಮೊದಲ ಬಂಡವಾಳ ಹೂಡಿದವನು ತೆರಿಗೆದಾರ. ಯಾವ ಕಂಪನಿಯೂ ಇಣುಕಿ ನೋಡದ ಕಾಲದಲ್ಲಿ ನಷ್ಟದ ಭಯ ಹೊತ್ತವನೂ ಅವನೇ. ಬೆಲೆ ಕಟ್ಟುವಾಗ ಅವನ ಪಾಲಿನ ಲೆಕ್ಕ ಎಲ್ಲಿ ಹೋಯಿತು?

ಸರ್ಕಾರದ ಹಣದಿಂದಾದ ಆವಿಷ್ಕಾರಗಳ ಹಕ್ಕುಸ್ವಾಮ್ಯವನ್ನು ಸಂಸ್ಥೆಗಳೇ ಪಡೆದು ಕಂಪನಿಗಳಿಗೆ ಪರವಾನಗಿ ಕೊಡಲು ಅಮೆರಿಕದ 1980ರ ಬೈ-ಡೋಲ್ ಕಾಯ್ದೆ ಅವಕಾಶ ಮಾಡಿತು. ಅದೇ ಮಾದರಿಯ ಮಸೂದೆ ನಮ್ಮ ರಾಜ್ಯಸಭೆಯಲ್ಲಿ 2008ರಲ್ಲಿ ಮಂಡನೆಯಾದರೂ ಕಾಯ್ದೆಯಾಗಲಿಲ್ಲ. ಇತ್ತ ವಂಶವಾಹಿ ಚಿಕಿತ್ಸೆಗೆ ನಮ್ಮಲ್ಲಿಯೂ ಸಾರ್ವಜನಿಕ ಹಣ ಹರಿಯುತ್ತಿದೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ರೋಗಿಗೆ ಸಿಗುವ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಮೇಲೆ ಹೇಳಿದ ಬೆಲೆಯ ಹತ್ತನೆಯ ಒಂದು ಪಾಲೂ ಅದಲ್ಲ.

ಆದ್ದರಿಂದ ಷರತ್ತು ಅನುದಾನದ ಆದೇಶದಲ್ಲಿಯೇ ಇರಬೇಕು. ಸರ್ಕಾರದ ಹಣದಿಂದ ಹುಟ್ಟಿದ ಚಿಕಿತ್ಸೆಗೆ ಪರವಾನಗಿ ಪಡೆಯುವ ಕಂಪನಿ ತನ್ನ ವೆಚ್ಚದ ಲೆಕ್ಕ ತೆರೆದಿಡಬೇಕು. ದೇಶದೊಳಗೆ ನ್ಯಾಯಬೆಲೆಗೆ ಒಪ್ಪಬೇಕು. ಲಾಭದ ಒಂದಂಶ ಮೂಲ ಸಂಶೋಧನೆಗೆ ಮರಳಬೇಕು. ಔಷಧ ಮಾರುಕಟ್ಟೆಗೆ ಬಂದ ಮೇಲೆ ಚೌಕಾಸಿಗೆ ಇಳಿಯುವುದು ವ್ಯರ್ಥ. ಜ್ಞಾನವನ್ನು ಕೂಡಿಹಾಕಿದರೆ ಸಾಲದು. ಅದು ಬೇಕಾದ ಕಣ್ಣಿಗೆ ತಲುಪಬೇಕು. ಆ ಇಲಿಗಳು ಕಲಿಸಿದ ಪಾಠ ಜೀವವಿಜ್ಞಾನಕ್ಕಷ್ಟೇ ಅಲ್ಲ, ಆಡಳಿತಕ್ಕೂ ಅನ್ವಯಿಸುತ್ತದೆ.