ಯಂತ್ರದ ಮಾತು: ಅರ್ಧ ಸುತ್ತಿನ ಲೆಕ್ಕ

ಹಳೆಯ ಅಂಬಾಸಡರ್ ಕಾರಿನಲ್ಲಿ ಕುಳಿತವರಿಗೆ ಅದರ ಟ್ಯಾಪೆಟ್ಟಿನ ಟಕಟಕ ಸದ್ದು ನೆನಪಿದ್ದೀತು. ಎಂಜಿನ್ ಕಾದಾಗ ಲೋಹ ಹಿಗ್ಗುವುದರಿಂದ ವಾಲ್ವಿನ ತಲೆಯ ಮೇಲೆ ತೆಳುವಾದ ಸಂದೊಂದನ್ನು ಬಿಡಲೇಬೇಕು. ಆ ಸಂದಿನ ಸದ್ದೇ ಅದು. ಹೈಡ್ರಾಲಿಕ್ ಲಿಫ್ಟರು ಈ ತೊಂದರೆಯನ್ನು ಕಳೆಯಿತು. ಅದರ ಹೊಟ್ಟೆಯೊಳಗೆ ಪ್ಲಂಜರ್ ಎಂಬ ಸಣ್ಣ ತುಂಡು, ಅದರ ಕೆಳಗೆ ಸ್ಪ್ರಿಂಗು ಮತ್ತು ಎಂಜಿನ್ ಎಣ್ಣೆ. ಹೆಚ್ಚುಕಡಿಮೆಯನ್ನೆಲ್ಲ ಎಣ್ಣೆಯೇ ಸರಿದೂಗಿಸುತ್ತದೆ. ಚೆನ್ನೈಯಿಂದ 2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಮೋಟಾರ್‌ಸೈಕಲ್ಲಿನಲ್ಲಿಯೂ ಇಂಥ ಲಿಫ್ಟರುಗಳೇ ಇದ್ದವು.

ಪ್ಲಂಜರು ಮೇಲಕ್ಕೂ ಕೆಳಕ್ಕೂ ಸರಿಯಲು ಎಡೆಯಿರಬೇಕಾದರೆ, ಜೋಡಿಸುವಾಗಲೇ ಅದನ್ನು ಸ್ವಲ್ಪ ಒಳಗೆ ಒತ್ತಿ ಕೂರಿಸಬೇಕು. ಈ ಮುಂಗಡ ಒತ್ತಿಗೆ ಪ್ರಿಲೋಡ್ ಎಂದು ಹೆಸರು. ಅದು ಸಾಲದಾದರೆ ಸದ್ದು. ಮಿತಿಮೀರಿ ಪ್ಲಂಜರು ತಳ ಮುಟ್ಟಿದರೆ ಸದ್ದಿಲ್ಲ, ಆದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಎಂಜಿನ್ ಮೌನವಾಗಿದೆ ಎಂದಮಾತ್ರಕ್ಕೆ ಎಲ್ಲವೂ ನೆಟ್ಟಗಿದೆಯೆಂದು ನಾವು ನಂಬುವಂತಿಲ್ಲ.

ಅಮೆರಿಕದಲ್ಲಿ ಹಳೆಯ ಕಾರಿಗೆ ಹೊರಗಿನ ತಯಾರಕರ ಹೊಸ ಕ್ಯಾಮ್‌ಶಾಫ್ಟ್ ಹಾಕಿ ಬಲ ಹೆಚ್ಚಿಸುವುದು ಮನೆಯ ಗ್ಯಾರೇಜಿನಲ್ಲೇ ನಡೆಯುವ ಹವ್ಯಾಸ. 1955ರಲ್ಲಿ ಹೊರಬಂದ ಷೆವ್ರೊಲೆಯ ಎಂಟು ಸಿಲಿಂಡರಿನ ಎಂಜಿನ್ ವಂಶ ಇದಕ್ಕೆ ಹೆಸರಾದದ್ದು. ಕ್ಯಾಮ್ ತನ್ನ ಬೇರಿಂಗುಗಳ ಮೂಲಕವೇ ತೂರಬೇಕಾದ್ದರಿಂದ ಅದರ ಉಬ್ಬನ್ನು ಬೇಕಾದಷ್ಟು ಎತ್ತರಿಸಲಾಗದು. ಹೆಚ್ಚು ಎತ್ತು ಬೇಕೆಂದಾಗ ಅನೇಕ ವೇಳೆ ಅದರ ಬುಡದ ವೃತ್ತವನ್ನೇ ಸಣ್ಣದಾಗಿ ಅರೆಯುತ್ತಾರೆ. ಆಗ ಲಿಫ್ಟರು ಮೊದಲಿಗಿಂತ ತಗ್ಗಿ ಕೂತು ಒತ್ತು ಕಡಿಮೆಯಾಗುತ್ತದೆ. ಸಿಲಿಂಡರ್ ಹೆಡ್ಡನ್ನು ಅರೆಸಿದ್ದರೆ ಇದಕ್ಕೆ ವಿರುದ್ಧ, ಒತ್ತು ಹೆಚ್ಚುತ್ತದೆ. ಹಳೆಯ ಅಳತೆ ಹೊಸ ಕ್ಯಾಮಿಗೆ ಸಲ್ಲದು.

ಪರೀಕ್ಷೆ ಸುಲಭ, ತಾಳ್ಮೆ ಬೇಕು. ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವು ತೆರೆಯತೊಡಗಿದಾಗ ಅದರ ಇನ್‌ಟೇಕ್ ವಾಲ್ವನ್ನು ಸರಿಪಡಿಸಿ. ಇನ್‌ಟೇಕ್ ಪೂರ್ತಿ ತೆರೆದು ಇನ್ನೇನು ಮುಚ್ಚಲಿದೆ ಎನ್ನುವಾಗ ಎಕ್ಸಾಸ್ಟನ್ನು. ಪುಶ್‌ರಾಡನ್ನು ಬೆರಳುಗಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುತ್ತ ರಾಕರಿನ ನಟ್ಟನ್ನು ಬಿಗಿಯಿರಿ. ಆಟ ನಿಂತ ಕ್ಷಣವೇ ಸೊನ್ನೆ. ಪುಶ್‌ರಾಡನ್ನು ತಿರುಗಿಸಿ ನೋಡುವ ರೂಢಿಯಿದೆಯಾದರೂ ಅದು ಮೋಸಮಾಡುತ್ತದೆ: ಒಳಗಿನ ಸ್ಪ್ರಿಂಗು ಮೆತ್ತಗಿರುವುದರಿಂದ, ತಿರುಗುವುದು ಕಷ್ಟವೆನಿಸುವ ಹೊತ್ತಿಗೆ ಪ್ಲಂಜರು ಆಗಲೇ ಒಳಸರಿದಿರುತ್ತದೆ.

ಸೊನ್ನೆಯಿಂದ ಮುಂದೆ ಸಾಮಾನ್ಯವಾಗಿ ಅರ್ಧದಿಂದ ಒಂದು ಸುತ್ತು; ಕ್ಯಾಮಿನೊಡನೆ ಬಂದ ಕಾಗದದ ಮಾತೇ ಅಂತಿಮ. ಈ ಎಂಜಿನ್ನಿನ ರಾಕರ್ ನಟ್ಟಿಗೆ ಅಂಗುಲಕ್ಕೆ 24 ಎಳೆ, ಎಂದರೆ ಒಂದು ಸುತ್ತಿಗೆ ಸುಮಾರು 1 ಮಿಲಿಮೀಟರ್ ಇಳಿತ. ರಾಕರು ಸನ್ನೆಗೋಲಿನಂತಿರುವುದರಿಂದ ಪ್ಲಂಜರು ಅದಕ್ಕಿಂತ ತುಸು ಹೆಚ್ಚೇ ಒಳಹೋಗುತ್ತದೆ. 1997ರ ಕಾರ್ವೆಟ್ ಕಾರಿನೊಡನೆ ಬಂದ ಷೆವ್ರೊಲೆಯ ಹೊಸ ಬಗೆಯ ಎಂಜಿನ್ನಿನಲ್ಲಿ ನಟ್ಟಿನಿಂದ ಸರಿಪಡಿಸುವ ಅವಕಾಶವಿಲ್ಲ; ಅಳೆದು ತಕ್ಕ ಉದ್ದದ ಪುಶ್‌ರಾಡನ್ನೇ ತರಬೇಕು.

ಎಂಟು ಸಿಲಿಂಡರಿಗೆ ಹದಿನಾರು ವಾಲ್ವು, ಹದಿನಾರು ಸಲ ಇದೇ ಕೆಲಸ. ಒಂದು ಸಂಜೆ ಹೋದರೆ ಹೋಗಲಿ. ದುಡ್ಡು ಕೊಟ್ಟು ತಂದ ಕ್ಯಾಮೂ ವಾಲ್ವುಗಳೂ ಉಳಿಯುತ್ತವೆ.