ಸರ್ಟಿಫಿಕೇಟ್ ಕೊಡುವವರಿದ್ದಾರೆ, ಕೇಳುವವರಿಲ್ಲ

ಪದವಿ ಮೂರು ವರ್ಷದ್ದಿರಬೇಕೋ ನಾಲ್ಕು ವರ್ಷದ್ದೋ ಎಂಬ ಜಗಳ ನಮ್ಮ ರಾಜ್ಯದಲ್ಲಿ ಬೇಕಾದಷ್ಟು ನಡೆದಿದೆ. 2021ರಲ್ಲಿ ದೇಶದಲ್ಲೇ ಮೊದಲಿಗರಾಗುವ ಉಮೇದಿನಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಿತು. 2023ರಲ್ಲಿ ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಬಂತು. ಅದರ ಮಧ್ಯಂತರ ವರದಿ ಹಿಡಿದು 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಒಂದನೇ ವರ್ಷಕ್ಕೆ ಕಾಲೇಜು ಬಿಟ್ಟವರಿಗೆ ಸರ್ಟಿಫಿಕೇಟ್, ಎರಡನೇ ವರ್ಷಕ್ಕೆ ಬಿಟ್ಟವರಿಗೆ ಡಿಪ್ಲೊಮಾ ಎಂಬ ಮಾತಿನ ಸದ್ದೂ ಅಲ್ಲಿಗೆ ಅಡಗಿತು. ಅಡಗಿದ್ದು ಒಳ್ಳೆಯದೇ. ಮಗುವನ್ನು ಅರ್ಧ ದಾರಿಯಲ್ಲಿ ಇಳಿಸಿ ಕೈಗೊಂದು ಕಾಗದ ಕೊಡುವ ಯೋಜನೆಗೆ ಸುಧಾರಣೆ ಎಂಬ ಹೆಸರು ಸಲ್ಲುವುದಿಲ್ಲ.

ಸರ್ಟಿಫಿಕೇಟಿನ ಹುಚ್ಚು ಮಾತ್ರ ಹೋಗಲಿಲ್ಲ. ಪದವಿ ಬಿಟ್ಟವರಿಗೆ ಕೊಡುತ್ತಿದ್ದದ್ದನ್ನು ಈಗ ಪದವಿ ಓದುತ್ತಿರುವವರಿಗೇ ಕಟ್ಟುತ್ತಿದ್ದೇವೆ. ಬಿ.ಎಸ್ಸಿ. ಒಂದೇ ಸಾಲದು, ಅದರ ಜೊತೆಗೆ ಪರಿಸರ ಪರಿಣಾಮ ಮೌಲ್ಯಮಾಪನದ್ದೊಂದು, ಕಂಪ್ಯೂಟರಿನಲ್ಲಿ ನಕಾಶೆ ಕಟ್ಟುವ ಜಿಐಎಸ್‌ದೊಂದು, ಕಾರ್ಬನ್ ಲೆಕ್ಕಾಚಾರದ್ದೊಂದು, ಕಂಪನಿಗಳ ಪರಿಸರ-ಸಾಮಾಜಿಕ ಹೊಣೆ ಅಳೆಯುವ ಇಎಸ್‌ಜಿಯದೊಂದು ಇರಲಿ ಎಂದು ಹೇಳದ ಪ್ಲೇಸ್‌ಮೆಂಟ್ ಸೆಲ್ ಇಲ್ಲ. ಕ್ಯೂಆರ್ ಕೋಡ್ ಇರುವ, ಬಂಗಾರದ ಅಂಚಿನ ಈ ಹಾಳೆಗಳು ಲ್ಯಾಮಿನೇಟ್ ಆಗಿ ಫೈಲು ಸೇರುತ್ತವೆ. ಫೈಲು ದಪ್ಪಗಾಗುತ್ತದೆ.

ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಿಂದ ಬಸ್ ಹಿಡಿದು ಕಾಲೇಜಿಗೆ ಬರುವ ಹುಡುಗಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವ್ಯವಹಾರವನ್ನು ನೋಡಬೇಕು. ಪರಿಸರ ವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಕಲಿಸುವ ಕಾಲೇಜುಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು. ಉಳಿದವರಿಗೆ ಇರುವುದು ಕಡ್ಡಾಯ ಪತ್ರಿಕೆ. ಅದಾದರೂ ಬಂದದ್ದು 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಯುಜಿಸಿ ಆರು ತಿಂಗಳ ಪಠ್ಯ ರೂಪಿಸುವ ಹೊತ್ತಿಗೆ ಮತ್ತೊಂದು ದಶಕವೇ ಕಳೆದಿತ್ತು. ಆ ಪತ್ರಿಕೆಯನ್ನು ಯಾರಿಗೆ ಪಿರಿಯಡ್ ಕಡಿಮೆ ಇದೆಯೋ ಅವರ ತಲೆಗೆ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಓಝೋನ್ ಪದರ, ಹಸಿರುಮನೆ ಪರಿಣಾಮ, ಚಿಪ್ಕೋ ಚಳವಳಿ, ಐದು ಅಂಕದ ಟಿಪ್ಪಣಿ, ಪರೀಕ್ಷೆ ಮುಗಿಯಿತು. ತರಗತಿಯಲ್ಲಿ ಬಿದ್ದ ಈ ತೂತಿಗೆ ತೇಪೆಯಾಗಿ ಬಂದದ್ದು ಸರ್ಟಿಫಿಕೇಟು. ತೇಪೆಯ ಖರ್ಚು ಮಾತ್ರ ವಿದ್ಯಾರ್ಥಿಯದು.

ಇವುಗಳನ್ನು ಕೊಡುವವರಲ್ಲಿ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕಲಿಕಾ ವೇದಿಕೆಯೇ ಎಷ್ಟೋ ವಾಸಿ. 2017ರಿಂದ ಇದೆ, ಪಾಠ ಉಚಿತ, ಪದವಿಯ ಶೇ 40ರಷ್ಟು ಕ್ರೆಡಿಟ್‌ಗಳನ್ನು ಅಲ್ಲಿಂದ ಪಡೆಯಲು ಯುಜಿಸಿ ನಿಯಮ ಒಪ್ಪುತ್ತದೆ. ಆದರೆ ಪಾಠಗಳು ಹೆಚ್ಚಿನವು ಇಂಗ್ಲಿಷಿನಲ್ಲಿ. ಪರೀಕ್ಷೆ ಬರೆಯಲು ಶುಲ್ಕ ಕಟ್ಟಿ, ಕೇಂದ್ರವಿರುವ ಊರಿಗೆ ಹೋಗಿ ಬರಬೇಕು. ಖಾಸಗಿಯವರ ವಾರಾಂತ್ಯದ ಕೋರ್ಸುಗಳ ಸಂಗತಿ ಬೇರೆಯೇ. ಅಲ್ಲಿ ನಪಾಸಾದವರನ್ನು ನಾನಂತೂ ಕಂಡಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಮನೆಯಲ್ಲಿ ಅಪ್ಪ ಕೇಳುವುದು ಒಂದೇ ಪ್ರಶ್ನೆ: ‘ಇದರಾಗ ನೌಕರಿ ಐತೇನವ್ವ?’

ಉತ್ತರವನ್ನು ನೇಮಕಾತಿ ನಿಯಮಗಳಲ್ಲಿ ಹುಡುಕಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಹಾಯಕ ಪರಿಸರ ಅಧಿಕಾರಿ ಹುದ್ದೆಗೆ ಬೇಕಾದದ್ದು ಎಂಜಿನಿಯರಿಂಗ್ ಪದವಿ. ವಲಯ ಅರಣ್ಯಾಧಿಕಾರಿ ಹುದ್ದೆಯಲ್ಲಿ ಬಿ.ಎಸ್ಸಿ. ಅರಣ್ಯಶಾಸ್ತ್ರ ಓದಿದವರಿಗೆ ಎಷ್ಟು ಪಾಲು ಎಂಬುದರ ಮೇಲೆ ಶಿರಸಿ, ಪೊನ್ನಂಪೇಟೆ ಅರಣ್ಯ ಕಾಲೇಜುಗಳ ಹುಡುಗರು ತರಗತಿ ಬಿಟ್ಟು ಧರಣಿ ಕೂತಿದ್ದರು. ಅವರು ಕೂತದ್ದು ನಿಯಮದ ಒಂದು ಸಾಲಿಗಾಗಿ, ಏಕೆಂದರೆ ಸರ್ಕಾರಿ ಕೆಲಸದಲ್ಲಿ ಆ ಸಾಲಿಗಿರುವ ಬೆಲೆ ಇನ್ಯಾವ ಕಾಗದಕ್ಕೂ ಇಲ್ಲ. ಇನ್ನು ಪರಿಸರ ಪರಿಣಾಮ ಮೌಲ್ಯಮಾಪನ: ಕೈಗಾರಿಕೆಗಳಿಗೆ ಆ ವರದಿ ಬರೆದುಕೊಡುವ ಸಲಹಾ ಸಂಸ್ಥೆಗೆ ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರಲೇಬೇಕು; ಅಲ್ಲಿ ತಜ್ಞರೆಂದು ಹೆಸರು ದಾಖಲಾಗಲು ವಿಷಯದ ಪದವಿಯ ಮೇಲೆ ವರ್ಷಗಟ್ಟಲೆ ಅನುಭವ ಬೇಕು. ನಾಲ್ಕು ವಾರದ ಕೋರ್ಸು ಆ ಬಾಗಿಲಿನ ಹತ್ತಿರವೂ ಸುಳಿಯುವುದಿಲ್ಲ. ಇದನ್ನು ಕೋರ್ಸಿನ ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ, ಬಿಡಿ.

ಗಜೇಂದ್ರಗಡದ ಗುಡ್ಡಗಳ ಕಡೆ ತಲೆ ಎತ್ತಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಗುಡ್ಡದ ನೆತ್ತಿಯುದ್ದಕ್ಕೂ ಗಾಳಿಯಂತ್ರಗಳು ನಿಂತಿವೆ. ಈ ಸೀಮೆಯ ಕಣ್ಣೆದುರಿನ ಅತಿ ದೊಡ್ಡ ‘ಹಸಿರು’ ಉದ್ಯಮ ಅದೇ. ಆದರೆ 2006ರ ಸೆಪ್ಟೆಂಬರಿನ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲವೇ ಇಲ್ಲ. ಹಾಗಾಗಿ ಅದಕ್ಕೆ ಆ ಅಧಿಸೂಚನೆಯಡಿ ಮೌಲ್ಯಮಾಪನ ವರದಿಯೂ ಬೇಡ, ಸಾರ್ವಜನಿಕ ಅಹವಾಲು ಸಭೆಯೂ ಬೇಡ. ನಮ್ಮ ಹುಡುಗಿ ದುಡ್ಡು ಕೊಟ್ಟು ಕಲಿತ ವಿದ್ಯೆಗೆ ಅವಳ ಊರಿನ ಗುಡ್ಡದ ಮೇಲೆ ಕಾನೂನಿನಲ್ಲೇ ಜಾಗವಿಲ್ಲ. ಯಂತ್ರ ನೋಡಿಕೊಳ್ಳುವ ತಂತ್ರಜ್ಞರ ಕೆಲಸವಾದರೋ ಐಟಿಐ, ಡಿಪ್ಲೊಮಾದವರದು.

ಹಾಗಾದರೆ ಇವೆಲ್ಲ ದಂಡ, ಪದವಿಯೊಂದೇ ಸಾಕು ಎನ್ನುವ ಹಿರಿಯರ ವಾದವನ್ನು ಒಪ್ಪೋಣವೇ? ನಾನು ಒಪ್ಪುವುದಿಲ್ಲ. ಹಾಗೆನ್ನುವವರ ಮಕ್ಕಳು ಬೆಂಗಳೂರಿನಲ್ಲಿ ಎರಡೆರಡು ಇಂಟರ್ನ್‌ಶಿಪ್ ಮುಗಿಸಿರುತ್ತಾರೆ. ಕೈಕೆಲಸ ಕಲಿಸದ ಪರಿಸರ ಪದವಿ ಈಜು ಬಾರದವನ ಕೆರೆ ವರ್ಣನೆ ಇದ್ದಂತೆ. ಜಿಐಎಸ್ ನಿಜಕ್ಕೂ ಅನ್ನ ಕೊಡುವ ವಿದ್ಯೆ. ಕ್ಯೂಜಿಐಎಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಇಸ್ರೋದ ಭುವನ್ ನಕಾಶೆಗಳು ತೆರೆದೇ ಇವೆ, ಹೊಲದ ಬದುವಿನ ಮೇಲೆ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡುವುದು ರೈತರಿಗೇ ರೂಢಿಯಾಗಿದೆ. ವಿಶೇಷ ಕೌಶಲ ಬೇಕು, ಅದಕ್ಕೊಂದು ಪ್ರಮಾಣಪತ್ರವೂ ಬೇಕು. ಅದನ್ನು ಯಾರು ಕೊಡುತ್ತಾರೆ, ಯಾವ ಕೆಲಸ ಮಾಡಿಸಿ ಕೊಡುತ್ತಾರೆ, ಕೊಟ್ಟ ಮೇಲೆ ಯಾರು ಅದನ್ನು ಕೇಳುತ್ತಾರೆ ಎಂಬಲ್ಲಿ ನನ್ನ ತಕರಾರು.

ನೀರನ್ನೇ ತೆಗೆದುಕೊಳ್ಳಿ. ಗದಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಕಥೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಜಲಜೀವನ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಫೀಲ್ಡ್ ಕಿಟ್ ಕೊಟ್ಟು ಪರೀಕ್ಷೆ ಕಲಿಸಬೇಕೆಂದು ಹೇಳಿದೆ. ಕಿಟ್‌ನ ಪುಟ್ಟ ನಳಿಕೆಗೆ ನೀರು ತುಂಬಿ ದ್ರಾವಣದ ಹನಿ ಹಾಕುತ್ತಾರೆ. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ ನಿಲ್ಲುತ್ತದೆ, ಹೆಚ್ಚಿದಷ್ಟೂ ಹಳದಿಗೆ ತಿರುಗುತ್ತದೆ. ಪಕ್ಕದಲ್ಲಿ ಬಣ್ಣದ ಚೀಟಿ ಹಿಡಿದು ಹೋಲಿಸಬೇಕು. ಐದೇ ನಿಮಿಷದ ಕೆಲಸ. ಆಶಾ ಕಾರ್ಯಕರ್ತೆಗೋ ಸ್ವಸಹಾಯ ಸಂಘದ ಅಕ್ಕನಿಗೋ ಕಲಿಸುವ ಈ ಕೆಲಸವನ್ನು ಅದೇ ಊರಿನ ಬಿ.ಎಸ್ಸಿ. ಹುಡುಗಿಗೆ ಯಾರೂ ಕಲಿಸುವುದಿಲ್ಲ. ಅವಳು ಯಾವುದೋ ದೇಶದ ನದಿಯ ನೀರಿನ ಗುಣಮಟ್ಟದ ಬಗ್ಗೆ ಮೊಬೈಲ್‌ನಲ್ಲಿ ವಿಡಿಯೊ ನೋಡಿ ಸರ್ಟಿಫಿಕೇಟ್ ಇಳಿಸಿಕೊಳ್ಳುತ್ತಾಳೆ. ಮೂರು ವರ್ಷ ರಸಾಯನಶಾಸ್ತ್ರ ಓದಿದವಳು ಬೇಸಿಗೆ, ಮಳೆಗಾಲ ಎರಡರಲ್ಲೂ ಊರಿನ ಎಲ್ಲ ನೀರಿನ ಮೂಲಗಳನ್ನು ಅಳೆದು, ಅನುಮಾನ ಬಂದದ್ದನ್ನು ಪ್ರಯೋಗಾಲಯಕ್ಕೆ ಕಳಿಸಿ, ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಅದೇ ಅಸಲಿ ಪ್ರಮಾಣಪತ್ರ. ನಾಲ್ಕು ಕ್ರೆಡಿಟ್ ಧಾರಾಳವಾಗಿ ಕೊಡಬಹುದು.

ಜೀವವೈವಿಧ್ಯ ದಾಖಲಾತಿಯಲ್ಲಿ ನಾವು ಮಾಡಿಕೊಂಡದ್ದು ಇನ್ನೂ ದೊಡ್ಡ ಎಡವಟ್ಟು. 2002ರ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು. ಅದರ ಕಲ್ಪನೆ ಮೊಳೆತದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು ಜೀವವೈವಿಧ್ಯದ ಲೆಕ್ಕ ಇಡಲು ಹೊರಟವರು. ಅಂದರೆ ಪದವಿ ತರಗತಿಗೂ ಈ ಕೆಲಸಕ್ಕೂ ಮೊದಲಿನಿಂದ ನಂಟಿದೆ. ವರ್ಷಗಟ್ಟಲೆ ಸರ್ಕಾರಗಳು ಮಲಗಿದವು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲವಾದರೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಎಂದು ಹಸಿರು ನ್ಯಾಯಮಂಡಳಿ ಗದರಿದ ಮೇಲೆ ದೇಶದ ತುಂಬ ದಾಖಲಾತಿಗಳು ರಾಶಿ ಬಿದ್ದವು. ಅವಸರಕ್ಕೆ ಬರೆದ ಪುಸ್ತಕದಲ್ಲಿ ಎರೆಹೊಲದ ಬಿಳಿಜೋಳದ ನಾಟಿ ತಳಿಗಳೆಷ್ಟು, ಕುಸುಬಿ ಎಲ್ಲಿಂದ ಎಲ್ಲಿಗೆ ಹಿಮ್ಮೆಟ್ಟಿತು, ಕುರಿಗಾರರು ಬೇಸಿಗೆಯಲ್ಲಿ ಯಾವ ಸೊಪ್ಪು ನಂಬಿರುತ್ತಾರೆ ಎಂಬುದು ಸಿಕ್ಕೀತೇ? ಅಜ್ಜಿಯ ಪಕ್ಕ ಕೂತು, ಅಜ್ಜಿಯ ಮಾತಿನಲ್ಲೇ ಕೇಳಿ ಬರೆಯಬಲ್ಲ ಹುಡುಗಿ ಮನೆಯಲ್ಲೇ ಇದ್ದಳು. ಅವಳನ್ನು ಕೇಳಿದವರಿಲ್ಲ.

ಕೇಂದ್ರ ಪರಿಸರ ಸಚಿವಾಲಯ ಹಸಿರು ಕೌಶಲ ಅಭಿವೃದ್ಧಿ ಕಾರ್ಯಕ್ರಮ ಎಂದು 2017ರಲ್ಲಿ ಶುರುಮಾಡಿ, ದಾಖಲಾತಿ ತಯಾರಿ, ಜಲ ಲೆಕ್ಕಪರಿಶೋಧನೆ, ಸಸ್ಯ ಗುರುತಿಸುವಿಕೆಯಂಥ ಒಳ್ಳೊಳ್ಳೆ ಕೋರ್ಸುಗಳನ್ನೇ ಇಟ್ಟಿತ್ತು. 5 ಲಕ್ಷಕ್ಕೂ ಹೆಚ್ಚು ಯುವಜನರಿಗೆ ತರಬೇತಿ ಎಂಬ ಘೋಷಣೆಯೂ ಆಯಿತು. ಕೋರ್ಸಿನ ಕೊನೆಗೆ ಹುದ್ದೆಯ ಹೆಸರೇ ಇಲ್ಲದಿದ್ದಾಗ ಘೋಷಣೆಯಿಂದ ಹೊಟ್ಟೆ ತುಂಬುವುದಿಲ್ಲ.

ದೂರ ಹೋಗಬೇಕಿಲ್ಲ. ಗದಗದಲ್ಲೇ 2016ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ, ಜಿಯೊಇನ್ಫರ್ಮ್ಯಾಟಿಕ್ಸ್ ಕಲಿಸುವವರಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಮಕ್ಕಳಿಗೆ ಇವರು ಕನ್ನಡದಲ್ಲಿ, ಶುಲ್ಕವಿಲ್ಲದೆ, ನೀರು ಮತ್ತು ಜೀವವೈವಿಧ್ಯದ ಎರಡು ಪ್ರಮಾಣಪತ್ರ ಕೊಡುವುದಕ್ಕೆ ಯಾವ ಶಿಕ್ಷಣ ನೀತಿ ಅಡ್ಡ ಬರುತ್ತದೆ? ದಾಖಲಾತಿ ಪರಿಷ್ಕರಣೆಗೆ ಪಂಚಾಯಿತಿ ಆ ಪ್ರಮಾಣಪತ್ರ ಇದ್ದವರನ್ನೇ ಗೌರವಧನ ಕೊಟ್ಟು ನೇಮಿಸಿಕೊಳ್ಳಬೇಕೆಂದು ಗ್ರಾಮೀಣಾಭಿವೃದ್ಧಿ ಇಲಾಖೆ ಸುತ್ತೋಲೆ ಹೊರಡಿಸಲಿ; ಮಾಲಿನ್ಯ ನಿಯಂತ್ರಣ ಮಂಡಳಿ ತನ್ನ ಕ್ಷೇತ್ರ ಸಿಬ್ಬಂದಿಯ ನಿಯಮದಲ್ಲಿ ಅದಕ್ಕೊಂದು ಸಾಲು ಸೇರಿಸಲಿ. ಅಲ್ಲಿಯವರೆಗೆ ಕಾಲೇಜುಗಳು ಹೊರಗಿನ ಸರ್ಟಿಫಿಕೇಟಿಗೆಂದು ಮಕ್ಕಳಿಂದ ಹಣ ಕಟ್ಟಿಸುವುದನ್ನು ನಿಲ್ಲಿಸಬೇಕು. ನ್ಯಾಕ್ ಸಮಿತಿಯವರು ಬಂದಾಗ ತೋರಿಸಲು ಸಂಖ್ಯೆ ಬೇಕಿದ್ದರೆ ಅದರ ಶುಲ್ಕವನ್ನು ಆಡಳಿತ ಮಂಡಳಿಯೇ ಕಟ್ಟಿಕೊಳ್ಳಲಿ.