ಹತ್ತಿಯ ಅಂಡಿಗೆಗೂ ಒಂದು ಪುಟವಿರಲಿ

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಕನ್ನಡಿಗರ ಚರಿತ್ರೆ ಸಾಮಾನ್ಯವಾಗಿ ಹೋಟೆಲಿನಿಂದ ಹೊರಟು, ರಾತ್ರಿಶಾಲೆಯನ್ನು ಹಾದು, ಬ್ಯಾಂಕಿಗೆ ಬಂದು ನಿಲ್ಲುತ್ತದೆ. ಇದು ಸುಳ್ಳಲ್ಲ. ಆದರೆ ಉಡುಪಿ ಹೋಟೆಲಿಗಿಂತ ಬಹಳ ಮೊದಲೇ ಕನ್ನಡನಾಡಿನಿಂದ ಈ ನಗರಕ್ಕೆ ಬರುತ್ತಿದ್ದದ್ದು ಹತ್ತಿ.

ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಯ ಅರಳೆ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು, ಹಾಯಿದೋಣಿಗಳಲ್ಲಿ ಮುಂಬಯಿ ಸೇರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ವ್ಯಾಪಾರದಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು! ಸಡಿಲ ಗಂಟುಗಳು ಹಡಗಿನಲ್ಲಿ ಬಹಳ ಜಾಗ ತಿನ್ನುತ್ತವೆ, ಜಾಗಕ್ಕೆ ತಕ್ಕಂತೆ ಬಾಡಿಗೆ. ಆದ್ದರಿಂದ ಕೊಲಾಬಾದಲ್ಲಿ ಪ್ರೆಸ್‌ಗಳು ಎದ್ದವು. ಪೆಟ್ಟಿಗೆಗೆ ಹತ್ತಿ ತುಂಬಿ ಕಾಲಿನಿಂದ ತುಳಿಯಬೇಕು. ಮೊದಲು ಆಳುಗಳು ತಿರುಪು ತಿರುಗಿಸಿ, ಮುಂದೆ ಉಗಿ ಮತ್ತು ನೀರಿನ ಒತ್ತಡದಿಂದ ಅದನ್ನು ಅದುಮುತ್ತಿದ್ದರು. ಒತ್ತಡ ಬಿಡುವ ಮೊದಲೇ ಕಬ್ಬಿಣದ ಪಟ್ಟಿ ಬಿಗಿಯಬೇಕು, ಇಲ್ಲದಿದ್ದರೆ ಹತ್ತಿ ಮತ್ತೆ ಉಬ್ಬಿ ಏಳುತ್ತದೆ. ಹೀಗೆ ಕಟ್ಟಿದ ಅಂಡಿಗೆಯ ತೂಕ 392 ಪೌಂಡ್. ಎರಡು ಅಂಡಿಗೆಗೆ ಒಂದು ಖಂಡಿ. ಈಗಿನ ಅಂಡಿಗೆ 170 ಕಿಲೋ ಆದರೂ ಪೇಟೆಯಲ್ಲಿ ದರ ಕೂಗುವುದು ಇಂದಿಗೂ ಸುಮಾರು 356 ಕಿಲೋದ ಆ ಹಳೆಯ ಖಂಡಿಯ ಲೆಕ್ಕದಲ್ಲೇ.

1880ರ ದಶಕದಲ್ಲಿ ಹುಬ್ಬಳ್ಳಿ, ಗದಗಕ್ಕೆ ರೈಲು ಬಂದ ಮೇಲೆ ಕುಮಟಾದ ದಾರಿ ಸೊರಗಿತು, ಪ್ರೆಸ್‌ಗಳು ಹತ್ತಿ ಬೆಳೆಯುವಲ್ಲಿಗೇ ಹೋದವು. 1925ರ ಕಾಯಿದೆ ಪ್ರತಿ ಅಂಡಿಗೆಯ ಮೇಲೂ ಪ್ರೆಸ್ಸಿನ ಗುರುತು ಮತ್ತು ಕ್ರಮಸಂಖ್ಯೆ ಕಡ್ಡಾಯ ಮಾಡಿತು. ಬ್ಯಾಂಕಿಗೆ ಅಡವಿಟ್ಟ ಹತ್ತಿಯನ್ನು ಗೋದಾಮಿನಲ್ಲಿ ಎಣಿಸುವ ಗುಮಾಸ್ತರಿಗಂತೂ ಇದು ದೊಡ್ಡ ಉಪಕಾರ.

ಕಟ್ಟಿದ ಅಂಡಿಗೆಯನ್ನು ಬಿಚ್ಚುವ ಊರುಗಳಲ್ಲಿ ಕುರ್ಲಾವೂ ಒಂದು. 1886ರಲ್ಲಿ ಜಮ್‌ಶೆಟ್‌ಜಿ ಟಾಟಾ ಇಲ್ಲಿನ ಧರಮ್‌ಸಿ ಮಿಲ್ಲನ್ನು ಕೊಂಡು ಸ್ವದೇಶಿ ಮಿಲ್ ಮಾಡಿದರು. ಅದು 2000ದಲ್ಲಿ ಮುಚ್ಚಿತು. ಕುರ್ಲಾದಿಂದ ಹಾರ್ಬರ್ ಲೈನ್ ಹಿಡಿದು ಕಾಟನ್ ಗ್ರೀನ್ ದಾಟುವ ನಮ್ಮ ಹುಡುಗರಲ್ಲಿ ಆ ಹೆಸರು ಯಾಕೆ ಬಂತೆಂದು ಕೇಳಿದವರು ಎಷ್ಟು ಮಂದಿ?

ಅಂಡಿಗೆಗೆ ನಂಬರು ಇತ್ತು, ಹೊತ್ತವನಿಗೆ, ಬಿಚ್ಚಿದವನಿಗೆ ಇರಲಿಲ್ಲ. 1982ರ ಮುಷ್ಕರದ ವೇಳೆ ಮೂವತ್ತರ ಹರೆಯದಲ್ಲಿದ್ದ ಕಾರ್ಮಿಕರು ಇಂದು ಎಪ್ಪತ್ತು ದಾಟಿದ್ದಾರೆ. ಮಿಲ್ಲಿನ ಖಾತೆಗಳಲ್ಲೋ ಕ್ಯಾಂಟೀನಿನಲ್ಲೋ ದುಡಿದ ಹಿರಿಯರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ಶ್ಲಾಘನೀಯ. ಆದರೆ ಅದಕ್ಕಿಂತ ಮೊದಲು ಸಂಘದ ಯುವ ವಿಭಾಗದವರು ಒಂದು ಭಾನುವಾರ ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋಗಲಿ. ಯಾವ ಖಾತೆ, ಯಾವ ಪಾಳಿ, ಧೂಳಿಗೆ ಕೆಮ್ಮು ಬಂತೇ, ಬಾಕಿ ಹಣ ಕೈಸೇರಿತೇ ಎಂದು ಕೇಳಿ ಬರೆದುಕೊಳ್ಳಲಿ. ಮುಂದಿನ ಸ್ಮರಣ ಸಂಚಿಕೆಯ ಸಂಪಾದಕರು ಅದಕ್ಕೆ ನಾಲ್ಕು ಪುಟ ಈಗಲೇ ತೆಗೆದಿಡಬೇಕು, ಜಾಹೀರಾತು ಬರುವುದಕ್ಕೆ ಮೊದಲೇ.